ಜೀಪಿನೊಳಗೆ ಹಾಸಿಗೆಯೇನೋ ಆಯ್ತು, ಜೀಪು ನಿಲ್ಲಿಸೋದೆಲ್ಲಿ?

ನಮ್ಮೂರ ವೆಲ್ಡಿಂಗ್ ಶಾಪುಗಳಿಗೆ ಈಗ ಹೊಸ ತರದ ಗಿರಾಕಿಗಳು ಬರುತ್ತಿದ್ದಾರೆ. ಹಿಂದೆಲ್ಲ ಜೀಪು ತಂದವರು "ಸ್ಪ್ರಿಂಗ್ ಪ್ಲೇಟ್ ಕಟ್ಟಾಗಿದೆ ನೋಡಪ್ಪಾ" ಅಂತಲೋ "ಬಾಗಿಲು ಕಿತ್ತುಬಂದಿದೆ, ಬೆಸುಗೆ ಹಾಕು" ಅಂತಲೋ ತರುತ್ತಿದ್ದರು. ಈಗಿನವರು ಟೇಪು ಹಿಡಿದು ಗಾಡಿಯ ಹಿಂಭಾಗ ಅಳೆಯುತ್ತಾರೆ. "ಮೇಸ್ತ್ರಿ, ಇಲ್ಲಿ ಇಬ್ಬರು ಕಾಲು ಚಾಚಿ ಮಲಗೋ ಹಾಗೆ ಮಾಡಿಕೊಡಿ" ಅನ್ನುತ್ತಾರೆ. ಫೋರ್ ವೀಲ್ ಗಾಡಿ ಮನೆಗೆ ಬಂದ ಮೇಲೆ ಲಾಡ್ಜಿನ ಹಂಗೇಕೆ, ಕತ್ತಲಾದ ಕಡೆ ನಿಲ್ಲಿಸಿ ಒಳಗೇ ಮಲಗಿದರಾಯಿತು ಎಂಬುದು ಇವರ ವಾದ.

ಇವರನ್ನು ಗೇಲಿ ಮಾಡಲು ಹೊರಟಿದ್ದೇನೆ ಅಂದುಕೊಳ್ಳಬೇಡಿ ಸ್ವಾಮಿ. ಈ ಹುಚ್ಚು ನನಗೂ ಹಿಡಿದಿತ್ತು. ಹಳೇ ಜೀಪಿನಲ್ಲಿ ಹಲಗೆ ಹಾಕಿಕೊಂಡು, ಮನೆಯವಳನ್ನೂ ಕೂರಿಸಿಕೊಂಡು ಪಂಢರಪುರದವರೆಗೆ ಹೋಗಿಬಂದವನು ನಾನು. ಆದ್ದರಿಂದ ಅನುಭವಸ್ಥನ ಮಾತು ಅಂತ ನಾಲ್ಕು ಸಾಲು ಬರೆಯುವ ಹಕ್ಕು ನನಗಿದೆ.

ಹಲಗೆಯ ಲೆಕ್ಕ

ನನ್ನದು ಉದ್ದನೆಯ ಜೀಪು. ಹಿಂದೆ ಎದುರುಬದುರು ಎರಡು ಬೆಂಚ್ ಸೀಟು. ನಡುವಿನ ಖಾಲಿ ಜಾಗಕ್ಕೆ ಅಡ್ಡ ಹಲಗೆ ಇಟ್ಟರೆ ಮಂಚ ಆಗಿಹೋಯಿತು. ನಮ್ಮ ಬಡಗಿ 12 ಮಿ.ಮೀ. ದಪ್ಪದ, ನೀರಿಗೆ ಹಾಳಾಗದ ಪ್ಲೈವುಡ್ಡನ್ನು ಮೂರು ತುಂಡು ಮಾಡಿ, ಮಡಿಸುವ ಹಾಗೆ ಹಿಂಜು ಹಾಕಿಕೊಟ್ಟ. ಆರಡಿ ಉದ್ದ, ಮೂರೂವರೆ ಅಡಿ ಅಗಲ. ತೂಕ ಹದಿನಾರು ಕಿಲೊ ಆಸುಪಾಸು. ಹಗಲು ಮಡಿಸಿ ಒಂದು ಕಡೆ ಒರಗಿಸಿದರೆ ಸೀಟು ಸೀಟಾಗೇ ಇರುತ್ತದೆ. ಹಲಗೆಯ ಕೆಳಗೆ ನೀರಿನ ಕ್ಯಾನು, ಸ್ಟೌವು, ಅಕ್ಕಿಬೇಳೆ ಡಬ್ಬ. ಭಾರದ ಸಾಮಾನು ಕೆಳಗಿದ್ದಷ್ಟೂ ಗಾಡಿಗೆ ಒಳ್ಳೆಯದು. ಅದನ್ನೆಲ್ಲ ತಲೆಯ ಮೇಲಿನ ಕ್ಯಾರಿಯರಿಗೆ ಹೇರಿಕೊಂಡು ಘಾಟಿಯ ತಿರುವು ಹೊಡೆದು ನೋಡಿ, ಗಾಡಿ ಎತ್ತ ವಾಲುತ್ತೆ ಅಂತ ಗೊತ್ತಾಗುತ್ತೆ.

ಹೊಸ ಗಾಡಿಗಳ ಪಾಡು ಬೇರೆ. ಮೂರು ಬಾಗಿಲಿನ ಥಾರ್ ಆಗಲಿ, ಜಿಮ್ನಿ ಆಗಲಿ, ಒಟ್ಟು ಉದ್ದ 3,985 ಮಿ.ಮೀ. ಅಂದರೆ ಹದಿಮೂರು ಅಡಿ. ಮುಂದೆ ಇಂಜಿನ್ನು, ಹಿಂದೆ ಸ್ಟೆಪ್ನಿ. ಉಳಿದದ್ದರಲ್ಲಿ ಎತ್ತರದ ಆಳು ನೆಟ್ಟಗೆ ಮಲಗಬೇಕಾದರೆ ಮುಂದಿನ ಸೀಟನ್ನು ಪೂರಾ ಮುಂದಕ್ಕೆ ತಳ್ಳಬೇಕು. ಇಲ್ಲಿಂದಲೇ ಎಡವಟ್ಟು ಶುರು. ತಳ್ಳಿದ್ದು ಸಾಲದು ಅಂತ ಹಿಂದಿನ ಸೀಟನ್ನು ಕಿತ್ತು ಅಟ್ಟಕ್ಕೆ ಹಾಕುತ್ತಾರೆ. ಕಬ್ಬಿಣದ ಚೌಕಟ್ಟು ಬೆಸೆಯುತ್ತಾರೆ. ಕಂಪನಿ ವೈರು ಕತ್ತರಿಸಿ ಫ್ಯಾನಿಗೆ ಲೈಟಿಗೆ ಕರೆಂಟು ಎಳೆಯುತ್ತಾರೆ. ಬೇರೆ ಬ್ಯಾಟರಿ ಇಲ್ಲ, ವೈರಿಗೆ ಫ್ಯೂಸು ಇಲ್ಲ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ನಾಲ್ಕು ಜನ ಸೇರಿ ತಳ್ಳಬಹುದು. ಹಾಸಿಗೆಯಡಿ ವೈರು ಹೊತ್ತಿಕೊಂಡರೆ ಏನು ಮಾಡುತ್ತೀರಿ?

ಗಾಜು ಏರಿಸಿ ಮಲಗಬೇಡಿ

ಮೊದಲ ರಾತ್ರಿ ನಾನೂ ಒಂದು ದಡ್ಡತನ ಮಾಡಿದೆ. ಸೊಳ್ಳೆಗೆ ಹೆದರಿ ಸಂದುಗೊಂದು ಬಿಡದೆ ಎಲ್ಲ ಮುಚ್ಚಿಬಿಟ್ಟೆ. ಬೆಳಗಿನ ಜಾವ ಎಚ್ಚರಾದಾಗ ತಲೆ ಭಾರ, ಮೇಲಿನಿಂದ ಮುಖದ ಮೇಲೆ ತಟತಟ ನೀರು. ಮಳೆ ಅಂದುಕೊಂಡೆ. ಹೊರಗೆ ನಕ್ಷತ್ರ ಹೊಳೆಯುತ್ತಿತ್ತು! ಇಬ್ಬರ ಉಸಿರಿನ ಹಬೆಯೇ ತಣ್ಣಗಿನ ತಗಡಿಗೆ ತಾಗಿ ನೀರಾಗಿತ್ತು. ಮಾರನೇ ದಿನ ಪೇಟೆಯಲ್ಲಿ ಸೊಳ್ಳೆಪರದೆ ಬಟ್ಟೆ ಕೊಂಡು ಎರಡು ಕಿಟಕಿಗೆ ಹೊಲಿಸಿದೆ. ಎಡಕ್ಕೆ ಮುಂದೆ ಒಂದು, ಬಲಕ್ಕೆ ಹಿಂದೆ ಒಂದು, ಎರಡೆರಡು ಬೆರಳು ತೆರೆದರೆ ಗಾಳಿ ಅಡ್ಡ ಹಾಯುತ್ತದೆ. ಆಮೇಲೆ ಹನಿ ನೀರು ಬೀಳಲಿಲ್ಲ.

ನನ್ನದು ನಗುವ ಕತೆಯಾಗಿ ಮುಗಿಯಿತು. ಎಲ್ಲರದೂ ಹಾಗೆ ಮುಗಿಯುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ನೌಕರರು ಹೆಣವಾಗಿ ಸಿಕ್ಕರು. ಎ.ಸಿ.ಗಾಗಿ ಓಡಿಸಿದ್ದ ಜನರೇಟರಿನ ಹೊಗೆ ಒಳಗೆ ಸೇರಿತ್ತು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಹಳೇ ಜೀಪಿನ ಸೈಲೆನ್ಸರ್ ತೂತಾಗಿದ್ದರೆ, ಇಲ್ಲವೆ ಹೊಗೆಕೊಳವೆಯ ಬಾಯಿಗೆ ಕೆಸರು ಮೆತ್ತಿದ್ದರೆ, ಅದೇ ಹೊಗೆ ನಿಮ್ಮ ಹಾಸಿಗೆಗೂ ಬಂದೀತು. ಇಂಜಿನ್ ಓಡುತ್ತಾ ಇರುವಾಗ ಒಳಗೆ ಮಲಗಲೇಬಾರದು. ಒಳಗೆ ಸ್ಟೌವ್ ಹಚ್ಚಲೇಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಕಾನೂನು ಏನನ್ನುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ. ಪುಸ್ತಕದಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಜೈಲು ಅಥವಾ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಬಂತು. ಮಲಗುವಾಗ ಮರೆ ಬೇಕು ಅಂತ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಕೋರ್ಟು 2012ರಲ್ಲೇ ನಿಲ್ಲಿಸಿದೆ.

ನನ್ನ ಬುದ್ಧಿಗೆ ತಿಳಿದಂತೆ ಗೆರೆ ಇಷ್ಟೇ. ಸಂಜೆ ಹಾಸಿ ಬೆಳಿಗ್ಗೆ ತೆಗೆದಿಡುವ ಹಲಗೆ ಸಾಮಾನು. ಬೆಸುಗೆ ಹಾಕಿದ ಚೌಕಟ್ಟು, ಕಿತ್ತ ಸೀಟು ಬದಲಾವಣೆ. ನಾಳೆ ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಬೆರಳು ತೋರಿಸುವುದೂ ಅಲ್ಲಿಗೇ. ಹಲಗೆ ಸಾಕು ಅನ್ನುವವನಿಗೆ ಬಡಗಿಯ ಕೂಲಿಯಲ್ಲಿ ಕೆಲಸ ಮುಗಿಯುತ್ತೆ. ನಮ್ಮ ವೆಲ್ಡಿಂಗ್ ಮೇಸ್ತ್ರಿಗಳಿಗೆ ನನ್ನ ಮೇಲೆ ಸಿಟ್ಟು ಬಂದರೂ ಇದನ್ನು ಹೇಳಲೇಬೇಕು. ಸಾರಿಗೆ ಇಲಾಖೆಯವರೂ ಯಾವುದು ಸರಿ, ಯಾವುದು ತಪ್ಪು ಅಂತ ಅಚ್ಚಕನ್ನಡದಲ್ಲಿ ಒಂದು ಬೋರ್ಡು ಬರೆಸಿ ಹಾಕಿದರೆ ದಾರಿಯಲ್ಲಿ ನಿಲ್ಲಿಸಿ ವಾದ ಮಾಡೋದು ತಪ್ಪುತ್ತೆ.

ಅಸಲು ಪ್ರಶ್ನೆ

ಇಷ್ಟೆಲ್ಲ ಸರಿ ಮಾಡಿಕೊಂಡು ಹೊರಟಿರಿ ಅನ್ನಿ. ರಾತ್ರಿ ಹತ್ತು ಗಂಟೆ. ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ನಮ್ಮ ಪ್ರಯಾಣದಲ್ಲಿ ಒಂದೂರಿನ ಬಸ್ ಸ್ಟ್ಯಾಂಡ್ ಪಕ್ಕ ನಿಲ್ಲಿಸಿದ್ದೆ. ಮಧ್ಯರಾತ್ರಿ ಲಾಠಿಯಲ್ಲಿ ಬಾನೆಟ್ ಕುಟ್ಟಿ "ಏನ್ರೀ ಇದು, ಮನೆ ಮಾಡ್ಕೊಂಡಿದ್ದೀರಾ?" ಅಂತ ಎಬ್ಬಿಸಿದರು. ಪೆಟ್ರೋಲ್ ಬಂಕಿನವರು ಪುಣ್ಯಾತ್ಮರು, ಮೂಲೆಯಲ್ಲಿ ಜಾಗ ಕೊಟ್ಟರು. ಹೆಂಗಸರು ಜೊತೆಗಿದ್ದರೆ ಶೌಚಾಲಯದ ಪಾಡು ನಾನು ಬಿಡಿಸಿ ಹೇಳಬೇಕಿಲ್ಲ.

ಊರೊಳಗೆ ಜಾಗವಿಲ್ಲದ್ದಕ್ಕೇ ಜನ ಹೊಳೆದಂಡೆಗೆ, ಕಾಡಿನಂಚಿಗೆ ಇಳಿಸುತ್ತಾರೆ. ಫೋರ್ ವೀಲ್ ಇದೆಯಲ್ಲ ಎಂಬ ಧೈರ್ಯ. ಘಟ್ಟದ ಮೇಲೆ ಮಳೆ ಹೊಡೆದರೆ ಹೊಳೆ ಅರ್ಧ ರಾತ್ರಿಯಲ್ಲಿ ಏರುತ್ತದೆ. ಆನೆ ಬಂದರೆ ಯಾವ ಗೇರೂ ಕೆಲಸಕ್ಕೆ ಬಾರದು. ಬಂಡೀಪುರದ ಹೆದ್ದಾರಿಯನ್ನು 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುತ್ತಾರೆ. ತಡವಾಗಿ ಬಂದ ಲಾರಿಯವನು ಗೇಟಿನ ಈಚೆ ಕ್ಯಾಬಿನ್ನಿನಲ್ಲೇ ಬೆಳಗು ಮಾಡಬೇಕು.

ಹೌದು, ಆ ಡ್ರೈವರನ ಮಾತಿಗೇ ಬಂದೆ. ಶೋಕಿಗೆ ಗಾಡಿಯಲ್ಲಿ ಮಲಗುವವರು ವರ್ಷಕ್ಕೆ ಹತ್ತು ದಿನ ಮಲಗುತ್ತಾರೆ. ಹೊಟ್ಟೆಪಾಡಿಗೆ ಮಲಗುವವನು ವರ್ಷವಿಡೀ ಮಲಗುತ್ತಾನೆ. ನಮ್ಮೂರ ಬೆಟ್ಟ ನೋಡಲು ಬಂದ ಸಾಹುಕಾರರಿಗೆ ಹೋಂ ಸ್ಟೇಯಲ್ಲಿ ಕಂಬಳಿ, ಬಿಸಿನೀರು. ಅವರನ್ನು ಕರೆತಂದ ಡ್ರೈವರು ಅಂಗಳದ ಚಳಿಯಲ್ಲಿ, ಸೀಟು ಹಿಂದಕ್ಕೆ ಬಾಗಿಸಿ, ಗಾಜು ಏರಿಸಿ, ಕೆಲವೊಮ್ಮೆ ಹೀಟರಿಗಾಗಿ ಇಂಜಿನ್ನೂ ಓಡಿಸಿಕೊಂಡು. ಅವನಿಗೆ ಹಲಗೆಯೂ ಇಲ್ಲ, ಪರದೆಯೂ ಇಲ್ಲ. ಬೆಳಿಗ್ಗೆ ಕೆಂಗಣ್ಣಿನಲ್ಲಿ ಅವನೇ ಘಾಟಿ ಇಳಿಸಬೇಕು. ಅವನು ತೂಕಡಿಸಿದರೆ ಸಾಯುವವನು ಅವನೊಬ್ಬನೇ ಅಲ್ಲ. ತಮಿಳುನಾಡು ಸರ್ಕಾರ 2023ರಲ್ಲಿ ಹೊಟೇಲು, ಲಾಡ್ಜುಗಳಲ್ಲಿ ಡ್ರೈವರುಗಳಿಗೆ ಮಲಗುವ ಜಾಗ, ಶೌಚಾಲಯ ಇರಬೇಕು ಅಂತ ಕಟ್ಟಡದ ನಿಯಮದಲ್ಲೇ ಸೇರಿಸಿತು. ನಾವು ಅವರಿಂದ ಕಲಿಯುವುದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ದೊಡ್ಡ ಯೋಜನೆಯೇನೂ ಬೇಡ. ನಮ್ಮ ಸಂತೆ ಮೈದಾನದಲ್ಲಿ ಸಂತೆ ವಾರಕ್ಕೊಂದು ದಿನ. ಉಳಿದ ಆರು ರಾತ್ರಿ ಅಲ್ಲಿ ಬೀಡಾಡಿ ದನಗಳದೇ ರಾಜ್ಯ. ಎರಡು ದೀಪ, ಒಂದು ನಲ್ಲಿ, ಗಂಡಸರಿಗೆ ಹೆಂಗಸರಿಗೆ ಬೇರೆಬೇರೆ ಶೌಚಾಲಯ, ಒಬ್ಬ ಕಾವಲುಗಾರ. ಗಾಡಿಗೆ ಐವತ್ತು ರೂಪಾಯಿ ವಸೂಲಿ ಮಾಡಿ, ನಾನೇ ಮೊದಲು ಕೊಡುತ್ತೇನೆ. ಡ್ರೈವರುಗಳಿಗೆ ಹತ್ತು ಮಂಚದ ಒಂದು ಶೆಡ್ಡು ಹಾಕಿಸಿ. ಊರಾಡಳಿತಕ್ಕೆ ಇದು ಹೊರೆಯಲ್ಲ.

ಈ ಮಾತು ಅತಿಯಾಯಿತು ಅನ್ನಿಸಿದರೆ ನಮ್ಮ ಸದಸ್ಯರು ಒಂದು ಕೆಲಸ ಮಾಡಲಿ. ನಾಳೆ ಬೆಳಗಿನ ಜಾವ ಐದಕ್ಕೆ ಎದ್ದು ಬಸ್ ಸ್ಟ್ಯಾಂಡಿನಿಂದ ಸಂತೆ ಮೈದಾನದವರೆಗೆ ನಡೆದು ಬರಲಿ. ಎಷ್ಟು ಗಾಡಿಗಳ ಗಾಜು ಒಳಗಿನಿಂದ ಮಂಜಾಗಿದೆ ಅಂತ ಎಣಿಸಿಕೊಂಡು, ಆ ಲೆಕ್ಕವನ್ನು ಮುಂದಿನ ಸಭೆಯಲ್ಲಿ ಓದಲಿ.