ವರ್ತಕರ ಕಂಪ್ಯೂಟರಿನಲ್ಲಿ ಡೇಟಾಬೇಸ್ ಸರ್ವರ್: ಹೊಣೆ ಯಾರದು?

ಕೃಷ್ಣಾ ತೀರದ ಕುಡಚಿ ಹಾಗೂ ಅದರ ಸುತ್ತಲಿನ ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿ ತಾಲೂಕುಗಳ ವ್ಯಾಪಾರದಲ್ಲಿ ಕೆಂಪು ರಟ್ಟಿನ ಕೀರ್ದಿ-ಖತಾವಣಿಗಳ ಸ್ಥಾನವನ್ನು ಕಂಪ್ಯೂಟರು ಪಡೆದು ವರ್ಷಗಳೇ ಸಂದಿವೆ. 2005ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಮೌಲ್ಯವರ್ಧಿತ ತೆರಿಗೆ ಈ ಬದಲಾವಣೆಗೆ ಚಾಲನೆ ನೀಡಿತು. 2017ರ ಜುಲೈ 1ರ ಜಿಎಸ್‌ಟಿ ಅದನ್ನು ಅನಿವಾರ್ಯವಾಗಿಸಿತು. ಇಂದು ಗೊಬ್ಬರದ ಅಂಗಡಿಯಿಂದ ಬೆಲ್ಲದ ಅಡತಿಯವರೆಗೆ, ತಂಬಾಕಿನ ವಖಾರಿಯಿಂದ ಚಪ್ಪಲಿ ತಯಾರಿಕೆಯವರೆಗೆ ಬಿಲ್ಲು, ದಾಸ್ತಾನು ಮತ್ತು ಉದ್ರಿಯ ಲೆಕ್ಕಗಳು ಕಂಪ್ಯೂಟರಿನೊಳಗೇ ಇವೆ. ಆದರೆ ಬಿಲ್ಲಿನ ತಂತ್ರಾಂಶದ ಜೊತೆಗೆ ಅನೇಕ ಸಂದರ್ಭಗಳಲ್ಲಿ ಡೇಟಾಬೇಸ್ ಸರ್ವರ್ ಎಂಬ ಇನ್ನೊಂದು ತಂತ್ರಾಂಶವೂ ತಮ್ಮ ಕಂಪ್ಯೂಟರನ್ನು ಪ್ರವೇಶಿಸಿದೆ ಎಂಬುದು ಬಹುಪಾಲು ವರ್ತಕರಿಗೆ ತಿಳಿದಿರುವುದಿಲ್ಲ. ತಿಳಿಯದ ವಸ್ತುವಿನ ಹೊಣೆಯನ್ನು ಯಾರೂ ಹೊರಲಾರರು. ಸಮಸ್ಯೆಯ ಮೂಲ ಇದೇ ಆಗಿದೆ.

ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಕಾಯ್ದಿಡುವ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಬಿಲ್ಲಿನ ತಂತ್ರಾಂಶವೇ ಒಂದು ಕಡತವನ್ನು ತೆರೆದು ಬರೆದು ಮುಚ್ಚುತ್ತದೆ. ಕಪಾಟಿನಿಂದ ಖತಾವಣಿ ತೆಗೆದು ಬರೆದು ಮರಳಿ ಇಟ್ಟಂತೆ. ಎಸ್‌ಕ್ಯೂಲೈಟ್ ಮುಂತಾದವು ಈ ವರ್ಗದವು. ಎರಡನೆಯದರಲ್ಲಿ ಖತಾವಣಿಯನ್ನು ಒಬ್ಬ ಗುಮಾಸ್ತನ ವಶಕ್ಕೆ ಒಪ್ಪಿಸಿದಂತೆ. ನಾಲ್ಕು ಗಲ್ಲೆಗಳಿಂದ ಬಂದ ನಮೂದುಗಳನ್ನು ಅವನೊಬ್ಬನೇ ಸರದಿಯಂತೆ ಬರೆದುಕೊಳ್ಳುತ್ತಾನೆ. ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮುಂತಾದವು ಈ ಗುಮಾಸ್ತನ ಕೆಲಸ ಮಾಡುತ್ತವೆ. ಹಲವು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಬಿಲ್ಲು ಮಾಡುವ ಮಳಿಗೆಗೆ ಇದು ಅವಶ್ಯಕ. ಆದರೆ ಒಂದೇ ಕಂಪ್ಯೂಟರು, ಒಬ್ಬನೇ ಬರೆಯುವವನು ಇರುವ ಅಂಗಡಿಗೂ ಸರ್ವರನ್ನು ಹಾಕಿಕೊಡುವ ರೂಢಿಯನ್ನು ಸಮರ್ಥಿಸುವುದು ಕಷ್ಟ.

ಈ ರೂಢಿಯ ಅಪಾಯವನ್ನು ಜಗತ್ತು 2003ರ ಜನವರಿ 25ರಂದು ಕಂಡಿತು. ಅಂದು ಹರಡಿದ ಸ್ಲ್ಯಾಮರ್ ಎಂಬ ಹುಳು ಸುಮಾರು 75 ಸಾವಿರ ಯಂತ್ರಗಳನ್ನು ಹಿಡಿಯಿತು. ಅದಕ್ಕೆ ಸಿಲುಕಬಹುದಾದ ಯಂತ್ರಗಳ ಪೈಕಿ ಹೆಚ್ಚಿನವು ಮೊದಲ ಹತ್ತೇ ನಿಮಿಷಗಳಲ್ಲಿ ಸಿಲುಕಿದ್ದವು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ 2002ರ ಜುಲೈ ತಿಂಗಳಿನಲ್ಲಿಯೇ ಪ್ರಕಟಿಸಿತ್ತು. ಹಾಗಿದ್ದೂ ಹಾನಿ ಏಕಾಯಿತು? ಎಸ್‌ಕ್ಯೂಎಲ್ ಸರ್ವರಿನ ಉಚಿತ ಕಿರಿಯ ರೂಪವಾದ ಎಂಎಸ್‌ಡಿಇ ಅನ್ಯ ತಂತ್ರಾಂಶಗಳ ಬೆನ್ನೇರಿ ಅಸಂಖ್ಯ ಕಂಪ್ಯೂಟರುಗಳನ್ನು ಸೇರಿತ್ತು. ಅದು ತಮ್ಮಲ್ಲಿದೆ ಎಂದೇ ಅರಿಯದವರು ತಿದ್ದುಪಡಿಯನ್ನು ಹಾಕಿಕೊಳ್ಳುವುದಾದರೂ ಹೇಗೆ? ಅದಕ್ಕೂ ಮೊದಲು, 2002ರ ಮೇ ತಿಂಗಳಿನಲ್ಲಿ, ಮುಖ್ಯ ಬಳಕೆದಾರನ ಗುಪ್ತಪದವನ್ನು ಖಾಲಿ ಬಿಟ್ಟ ಸರ್ವರುಗಳನ್ನೇ ಹುಡುಕಿಕೊಂಡು ಇನ್ನೊಂದು ಹುಳು ಹರಡಿತ್ತು.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಎದುರಾದ ಉದಾಹರಣೆಯೊಂದಿದೆ. ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ ಪಹಣಿಗಳ ದತ್ತಾಂಶವನ್ನು ಮೊದಲಿಗೆ ಆಯಾ ತಾಲೂಕು ಕಚೇರಿಯ ಸರ್ವರಿನಲ್ಲಿಯೇ ಇಡಲಾಗಿತ್ತು. ಆದರೆ ಅಲ್ಲಿ ಯಂತ್ರವೊಂದೇ ಬರಲಿಲ್ಲ. ತರಬೇತಿ ಪಡೆದ ಗ್ರಾಮಲೆಕ್ಕಿಗರು ಬಂದರು. ಬೆರಳಚ್ಚು ನೀಡಿದವರಿಗೆ ಮಾತ್ರ ಪ್ರವೇಶವೆಂಬ ನಿಯಮ ಬಂತು. ಮುಂದೆ ಆ ದತ್ತಾಂಶ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿತು. ಸರ್ವರನ್ನು ಸ್ಥಾಪಿಸುವುದೆಂದರೆ ಒಂದು ಹೊಣೆಗಾರಿಕೆಯನ್ನು ಸ್ಥಾಪಿಸುವುದು ಎಂಬುದೇ ಇದರ ಪಾಠ. ಖಾಸಗಿ ಮಳಿಗೆಯಲ್ಲಿ ಈ ಹೊಣೆಗಾರಿಕೆ ಸ್ಥಾಪನೆಯಾಗುತ್ತಿಲ್ಲ.

ಅದರ ಫಲ ಆಪತ್ತಿನ ದಿನದಂದು ಗೋಚರಿಸುತ್ತದೆ. ಕಂಪ್ಯೂಟರು ಕೆಟ್ಟಾಗ ರಿಪೇರಿಯವರು ಬಿಲ್ಲಿನ ತಂತ್ರಾಂಶದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲಿಸಿ ಯಂತ್ರವನ್ನು ಫಾರ್ಮ್ಯಾಟ್ ಮಾಡುತ್ತಾರೆ. ಆದರೆ ಲೆಕ್ಕಗಳು ಸಾಮಾನ್ಯವಾಗಿ ಆ ಫೋಲ್ಡರಿನಲ್ಲಿರದೆ ಸರ್ವರಿನ ಸ್ವಂತ ಫೋಲ್ಡರಿನಲ್ಲಿರುತ್ತವೆ. ಎಸ್‌ಕ್ಯೂಎಲ್ ಸರ್ವರಿನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ನಿಗದಿತ ವೇಳೆಗೆ ತಾನಾಗಿಯೇ ಬ್ಯಾಕಪ್ ತೆಗೆಯಲು ಬೇಕಾದ ಏಜೆಂಟ್ ಸೌಲಭ್ಯ ಇರುವುದಿಲ್ಲ; ತಂತ್ರಾಂಶದವರು ಪ್ರತ್ಯೇಕ ವ್ಯವಸ್ಥೆ ಮಾಡದಿದ್ದರೆ ಬ್ಯಾಕಪ್ ಇಲ್ಲವೆಂದೇ ಅರ್ಥ. ಅದೇ ಉಚಿತ ರೂಪದ 2008 ಆರ್2ರಿಂದ 2022ರವರೆಗಿನ ಆವೃತ್ತಿಗಳಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿಯಿದೆ. ಮಿತಿ ಮುಟ್ಟಿದ ದಿನ ಹೊಸ ನಮೂದುಗಳು ನಿಲ್ಲುತ್ತವೆ. ಅದು ಹಂಗಾಮಿನ ನಡುವಿನ ದಿನವೂ ಆಗಿರಬಹುದು.

ಈ ಭಾಗಕ್ಕೆ ಇನ್ನೊಂದು ಆತಂಕವೂ ಇದೆ. 2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಹರಿದುದನ್ನು ಈ ಊರುಗಳು ಮರೆತಿಲ್ಲ. ಕೇಂದ್ರ ಜಿಎಸ್‌ಟಿ ನಿಯಮಾವಳಿಯ 57ನೆಯ ನಿಯಮದಂತೆ, ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ವಿದ್ಯುನ್ಮಾನ ದಾಖಲೆಗಳು ನಾಶವಾದರೂ ಯುಕ್ತ ಅವಧಿಯಲ್ಲಿ ಮರಳಿ ಪಡೆಯಲು ಸಾಧ್ಯವಾಗುವಂತೆ ಬ್ಯಾಕಪ್ ಇಟ್ಟಿರಬೇಕು. ವಾರ್ಷಿಕ ವಿವರಣಾ ಪತ್ರದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕೆಂದು ಕಾಯಿದೆಯೇ ಹೇಳುತ್ತದೆ. ಹೀಗಾಗಿ ‘ನೀರು ಬಂತು, ಲೆಕ್ಕ ಹೋಯಿತು’ ಎಂಬ ಉತ್ತರವನ್ನೇ ನಂಬಿ ಕೂರುವಂತಿಲ್ಲ. ತೆರಿಗೆಯ ಮಾತು ಹಾಗಿರಲಿ, ಯಾವ ಗಿರಾಕಿಯಿಂದ ಎಷ್ಟು ಉದ್ರಿ ಬರಬೇಕೆಂಬುದೇ ಅಳಿಸಿಹೋದರೆ ವರ್ತಕನ ಬಂಡವಾಳವೇ ನೀರುಪಾಲಾದಂತೆ.

ತಂತ್ರಾಂಶ ಒದಗಿಸುವವರ ವಾದದಲ್ಲಿಯೂ ಹುರುಳಿದೆ. ವಾರ್ಷಿಕ ನಿರ್ವಹಣಾ ಶುಲ್ಕವೆಂದರೆ ವರ್ತಕರು ಹಿಂಜರಿಯುತ್ತಾರೆ. ಒಮ್ಮೆ ಹಣ ಕೊಟ್ಟರೆ ಜೀವನಪರ್ಯಂತ ಸೇವೆ ಸಿಗಬೇಕೆಂದು ಬಯಸುತ್ತಾರೆ. ಸರ್ವರ್ ಸುಸ್ಥಿತಿಯಲ್ಲಿರಲು ದುಡಿಮೆ ಬೇಕು, ದುಡಿಮೆಗೆ ಬೆಲೆಯಿದೆ. ಎಲ್ಲವನ್ನೂ ಅಂತರ್ಜಾಲದ ಮೂಲಕ ದೂರದ ಸರ್ವರಿನಲ್ಲಿ ಇಡಬಹುದೆಂಬ ಸಲಹೆಯೂ ಇದೆ. ಅದು ಪ್ರವಾಹದಿಂದ ಲೆಕ್ಕವನ್ನು ಕಾಪಾಡುತ್ತದೆ, ನಿಜ; ಆದರೆ ಸಂಪರ್ಕ ಕಡಿದ ದಿನ ಬಿಲ್ಲು ನಿಲ್ಲಬಹುದು. ಆದ್ದರಿಂದ ಎಲ್ಲರಿಗೂ ಒಂದೇ ಮದ್ದು ಎಂಬ ಧೋರಣೆ ಸಲ್ಲದು. ಎಲ್ಲರಿಗೂ ಅನ್ವಯಿಸಬೇಕಾದುದು ಲಿಖಿತ ಕರಾರು. ಅದರಲ್ಲಿ ಈ ಕೆಳಗಿನ ಅಂಶಗಳಾದರೂ ಇರಬೇಕು.

1. ಯಾವ ಡೇಟಾಬೇಸ್, ಯಾವ ಆವೃತ್ತಿ, ಯಾವ ಕಂಪ್ಯೂಟರಿನಲ್ಲಿ ಸ್ಥಾಪಿಸಲಾಗಿದೆ, ಅದರ ಮಿತಿಯೇನು ಎಂಬ ವಿವರ. ಒಂದೇ ಕಂಪ್ಯೂಟರಿನ ಅಂಗಡಿಗೆ ಸರ್ವರ್ ಹಾಕಿದ್ದರೆ ಅದಕ್ಕೆ ಕಾರಣ.

2. ಮುಖ್ಯ ಗುಪ್ತಪದ ಪ್ರತಿ ಗಿರಾಕಿಗೂ ಬೇರೆಯಾಗಿರಬೇಕು. ಅದರ ಪ್ರತಿ ಮೊಹರು ಮಾಡಿದ ಲಕೋಟೆಯಲ್ಲಿ ವರ್ತಕನ ತಿಜೋರಿಯಲ್ಲಿರಬೇಕು.

3. ಒಂದೇ ಕಂಪ್ಯೂಟರಿನ ಅಂಗಡಿಯಲ್ಲಿ ಹೊರಗಿನ ಸಂಪರ್ಕ ಸರ್ವರಿಗೆ ಬೇಕಿಲ್ಲ, ಅದನ್ನು ಮುಚ್ಚಿರಬೇಕು.

4. ಪ್ರತಿದಿನ ಬ್ಯಾಕಪ್, ಅದರ ಒಂದು ಪ್ರತಿ ನೆರೆ ತಲುಪದ ಬೇರೊಂದು ಊರಿನಲ್ಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಬೇರೆ ಕಂಪ್ಯೂಟರಿನಲ್ಲಿ ಲೆಕ್ಕವನ್ನು ಮರಳಿ ತೆರೆದು ತೋರಿಸುವುದು.

5. ದತ್ತಾಂಶದ ಒಡೆತನ ವರ್ತಕನದು. ಸಂಬಂಧ ಮುಗಿದಾಗ ಓದಬಲ್ಲ ರೂಪದಲ್ಲಿ ಅದನ್ನು ಹಿಂದಿರುಗಿಸುವ ಬಾಧ್ಯತೆ.

6. ಭದ್ರತಾ ತಿದ್ದುಪಡಿಗಳನ್ನು ಯಾರು, ಯಾವಾಗ ಹಾಕಬೇಕು, ಅದಕ್ಕೆ ಶುಲ್ಕವೆಷ್ಟು ಎಂಬ ಸ್ಪಷ್ಟತೆ.

ಇಂತಹ ಮಾದರಿ ಕರಾರನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು ವಾಣಿಜ್ಯೋದ್ಯಮ ಸಂಸ್ಥೆಗಳಿಗೆ ಭಾರವಾಗುವ ಕಾರ್ಯವಲ್ಲ. ಗಡಿಭಾಗದಲ್ಲಿ ಮಿರಜ, ಕೊಲ್ಹಾಪುರಗಳಿಂದಲೂ ತಂತ್ರಾಂಶ ತರಿಸುವವರಿರುವುದರಿಂದ ಮರಾಠಿ ಪ್ರತಿಯೊಂದಿದ್ದರೆ ಇನ್ನೂ ಅನುಕೂಲ. ವರ್ತಕರೂ ತಮ್ಮ ಪಾಲಿನ ಕರ್ತವ್ಯವನ್ನು ಅರಿಯಬೇಕು. ಹಿಂದಿನ ತಲೆಮಾರಿನವರು ರಾತ್ರಿ ಅಂಗಡಿ ಮುಚ್ಚುವ ಮುನ್ನ ಕೀರ್ದಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಿದ್ದರು. ಇಂದಿನ ಕೀರ್ದಿಯ ಕೀಲಿ ಯಾರ ಕೈಯಲ್ಲಿದೆ ಎಂಬುದನ್ನು ಪ್ರತಿಯೊಬ್ಬ ವರ್ತಕನೂ ಮುಂದಿನ ಮಳೆಗಾಲಕ್ಕೆ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.