ಆಂಟೆನಾ ಮಡಚಿದರೆ ವೈಫೈ ಕಳ್ಳತನ ನಿಲ್ಲುತ್ತದೆಯೇ?

‘ರೂಟರ್ ಆಂಟೆನಾ ಮಡಚಿ, ಹಿಂದೆ ಅಲ್ಯೂಮಿನಿಯಂ ಹಾಳೆ ಇಡಿ, ಪಕ್ಕದವರು ನಿಮ್ಮ ವೈಫೈ ಕದಿಯಲಾರರು’ ಎಂಬ ಸಲಹೆ ನಿಮಗೂ ಬಂದಿರಬಹುದು. ಇದು ನಿಜವೇ? ನಾವು ನೋಡೋಣ.

ಅರ್ಧ ನಿಜ. ಕಡ್ಡಿಯಂಥ ಆಂಟೆನಾ ನೆಟ್ಟಗಿದ್ದರೆ ಅಲೆಗಳು ಸುತ್ತಲೂ ಅಡ್ಡಲಾಗಿ ಹರಡುತ್ತವೆ, ತುದಿಯ ನೇರಕ್ಕೆ ಸಿಗ್ನಲ್ ಕಡಿಮೆ. ಲೋಹದ ಹಾಳೆ ಅಲೆಗಳನ್ನು ವಾಪಸ್ ತಿರುಗಿಸುತ್ತದೆ. ಶಹಾಪುರ, ಸುರಪುರದ ಹಳೆಯ ಮನೆಗಳ ದಪ್ಪ ಗೋಡೆಗಳೂ ಸಿಗ್ನಲ್ ತಗ್ಗಿಸುತ್ತವೆ. 2.4 ಗಿಗಾಹರ್ಟ್ಸ್‌ಗಿಂತ 5 ಗಿಗಾಹರ್ಟ್ಸ್ ಸಿಗ್ನಲ್ ಬೇಗ ಸೋಲುತ್ತದೆ.

ಆದರೆ ತಗ್ಗುವುದು ಬೇರೆ, ನಿಲ್ಲುವುದು ಬೇರೆ. ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ ಇದ್ದವರು ಆ ಕ್ಷೀಣ ಸಿಗ್ನಲನ್ನೂ ದೂರದಿಂದ ಹಿಡಿಯಬಲ್ಲರು. ನಿಜವಾದ ಬೀಗ ಪಾಸ್‌ವರ್ಡ್ ಮತ್ತು ಎನ್‌ಕ್ರಿಪ್ಷನ್.

ಬೀಗವಿಲ್ಲದಿದ್ದರೆ ಏನಾಗುತ್ತದೆ? 2008ರ ಅಹಮದಾಬಾದ್ ಸ್ಫೋಟಕ್ಕೆ ಸಂಬಂಧಿಸಿದ ಇಮೇಲ್ ಹೋದದ್ದು ನವಿ ಮುಂಬೈನ ಮನೆಯೊಂದರ ಅಸುರಕ್ಷಿತ ವೈಫೈ ಮೂಲಕ. ಪೊಲೀಸರು ಮೊದಲು ಆ ಮನೆಯ ಬಾಗಿಲಿಗೇ ಬಂದರು. ಕಳಿಸಿದವರು ಯಾರೇ ಇರಲಿ, ಐಪಿ ವಿಳಾಸ ತೋರಿಸುವುದು ಸಂಪರ್ಕ ಪಡೆದವರನ್ನು.

ಹೀಗೆ ಮಾಡಿ:
• ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2 ಆರಿಸಿ. ಹಳೆಯ ಡಬ್ಲ್ಯುಇಪಿ ಬೇಡ.
• ವೈಫೈ ಪಾಸ್‌ವರ್ಡ್ ಉದ್ದವಿರಲಿ, ಮೊಬೈಲ್ ನಂಬರ್ ಬೇಡ.
• ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಿಸಿ, ಡಬ್ಲ್ಯುಪಿಎಸ್ ಆಫ್ ಮಾಡಿ.
• ಯಾದಗಿರಿಯಲ್ಲಿ ಅಂಗಡಿ, ಆನ್‌ಲೈನ್ ಸೆಂಟರ್ ನಡೆಸುವವರು ಗ್ರಾಹಕರಿಗೆ ಬೇರೆಯೇ ಗೆಸ್ಟ್ ನೆಟ್‌ವರ್ಕ್ ಕೊಡಲಿ.

ಆಂಟೆನಾವನ್ನು ಸಿಗ್ನಲ್ ಚೆನ್ನಾಗಿ ಸಿಗುವಂತೆ ನಿಲ್ಲಿಸಿ. ಕಾವಲನ್ನು ಪಾಸ್‌ವರ್ಡ್‌ಗೆ ಬಿಡಿ. ಆ ಸಲಹೆ ಮತ್ತೆ ಬಂದರೆ, ಕಳಿಸಿದವರಿಗೆ ಇದನ್ನು ಕಳಿಸಿ.