ಗ್ರೀಸ್ ಹೊಡೀರಿ, ಗಾರ್ಡ್ ಬಿಸಾಕಬೇಡಿ

ನಂದಿ ಬೆಟ್ಟದ ರಸ್ತೇಲಿ ಹಳೇ ಸ್ಪೋರ್ಟ್ಸ್ ಕಾರ್ ಕಂಡ್ರೆ ನಾವೆಲ್ಲ ಫೋನ್ ತೆಗೀತೀವಿ, ಅಲ್ವಾ? 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನ ಹಿಂದಿನ ಚಕ್ರ ತಿರುಗಿಸೋದು ಕ್ರಾಸ್ ಜಾಯಿಂಟು. ಅದೇ ಜಾತಿಯ ಜಾಯಿಂಟು ದೊಡ್ಡಬಳ್ಳಾಪುರದ ರಾಗಿ ಹೊಲದಲ್ಲೂ ಇದೆ, ಟ್ರ್ಯಾಕ್ಟರ್‌ಗೂ ರೋಟವೇಟರ್‌ಗೂ ನಡುವಿನ ಪಿಟಿಒ ಶಾಫ್ಟ್‌ನಲ್ಲಿ. ಅದರ ಫೋಟೋ ಯಾರೂ ಹಾಕಲ್ಲ. ಅದಕ್ಕೇ ಇವತ್ತು ಅದೇ ಪೋಸ್ಟ್.

ಪ್ಲಸ್ ಆಕಾರದ ತುಂಡು, ನಾಲ್ಕು ತುದಿಗೂ ಸೂಜಿಯಷ್ಟು ಸಣ್ಣ ರೋಲರ್‌ಗಳ ಬೇರಿಂಗ್. ಗ್ರೀಸ್ ಒಣಗಿದ್ರೆ ಅವು ಸವೆದು ಶಾಫ್ಟ್ ಅದುರೋಕೆ ಶುರು. ಆದ್ರೆ ಗ್ರೀಸ್ ನಿಪ್ಪಲ್ ಇರೋದು ಪ್ಲಾಸ್ಟಿಕ್ ಗಾರ್ಡ್ ಒಳಗೆ, ಗನ್ ಬಾಯಿ ಹಿಡಿಯಲ್ಲ. ಆಗ ಏನ್ಮಾಡ್ತಾರೆ? ಗಾರ್ಡ್ ಬಿಚ್ಚಿ ಬದುವಿಗೆ ಎಸೀತಾರೆ. ಮತ್ತೆ ಹಾಕೋರೇ ಇಲ್ಲ.

ಇದು ತಪ್ಪು ಅಂತ ನಾನು ಖಡಾಖಂಡಿತ ಹೇಳ್ತೀನಿ. ಗ್ರೀಸ್ ಜಾಯಿಂಟ್ ಉಳಿಸುತ್ತೆ, ಗಾರ್ಡ್ ಮನುಷ್ಯನ್ನ ಉಳಿಸುತ್ತೆ. ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಟವೆಲ್, ಪಂಚೆ, ಸೆರಗು ಸಿಕ್ಕಿದ್ರೆ 'ಅಯ್ಯೋ' ಅನ್ನೋಕೂ ಟೈಮಿರಲ್ಲ.

ಬಿಚ್ಚಿ ಎಸೆಯೋ ಅಗತ್ಯವೂ ಇಲ್ಲ. ಎಂಜಿನ್ ಆಫ್ ಮಾಡಿ, ಕೀ ನಿಮ್ಮ ಜೇಬಲ್ಲಿರಲಿ. ಶಾಫ್ಟ್ ಪೂರ್ತಿ ನಿಂತ ಮೇಲೆ ಕೈಯಲ್ಲಿ ತಿರುಗಿಸಿ, ನಿಪ್ಪಲ್ ಎದುರಿಗೆ ತನ್ನಿ. ಬಟ್ಟೇಲಿ ಒರೆಸಿ. ಗನ್ನಿಗೆ ಬಾಗೋ ಉದ್ದದ ಪೈಪ್ ಹಾಕಿದ್ರೆ ಸಂದೀಲೂ ತಲುಪುತ್ತೆ. ನಾಲ್ಕೂ ತುದಿಯಿಂದ ಹಳೇ ಗ್ರೀಸ್ ಇಣುಕೋವರೆಗೂ ನಿಧಾನಕ್ಕೆ ಒತ್ತಿ. ಮೂರರಲ್ಲಿ ಮಾತ್ರ ಬಂದ್ರೆ ನಾಲ್ಕನೇದು ಇನ್ನೂ ಒಣಗಿದೆ ಅಂತ. ಕೊನೆಗೆ ಗಾರ್ಡ್ ಕೂರಿಸಿ, ಅದರ ಸರಪಳಿ ಸಿಗಿಸಿ. ಎಷ್ಟು ಗಂಟೆಗೊಮ್ಮೆ ಅನ್ನೋದು ನಿಮ್ಮ ಮ್ಯಾನುಯಲ್‌ನಲ್ಲಿರುತ್ತೆ, ಹಲವು ಶಾಫ್ಟ್‌ಗಳಿಗೆ 8 ಗಂಟೆ.

'ಬಿತ್ತನೆ ಟೈಮಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ?' ಅಂತೀರಾ. ಕೇಳಬೇಕಾದ ಮಾತೇ. ಬಾಡಿಗೆ ಗಂಟೆ ಲೆಕ್ಕ, ಮಳೆ ಬಿದ್ದ ಮೇಲೆ ಎಲ್ಲರಿಗೂ ಅದೇ ದಿನ ಟ್ರ್ಯಾಕ್ಟರ್ ಬೇಕು, ಡ್ರೈವರ್ ಅಣ್ಣನಿಗೆ ಫೋನ್ ಮೇಲೆ ಫೋನು. ಹಾಗಾಗಿ ತಪ್ಪೆಲ್ಲ ಅವರ ತಲೆಗೆ ಕಟ್ಟಬೇಡಿ. ಬಾಡಿಗೆಗೆ ಕರೆಸೋ ನಾವು ಆ ಹತ್ತು ನಿಮಿಷಕ್ಕೂ ದುಡ್ಡು ಕೊಡೋಣ, 'ಗಾರ್ಡ್ ಎಲ್ಲಣ್ಣ?' ಅಂತ ಕೇಳೋಣ. ಬಿಕಾಂನವರೇ, ಗ್ರೀಸೂ ಹೊಸ ಗಾರ್ಡೂ ಮೇಂಟೆನೆನ್ಸ್ ಖರ್ಚಲ್ಲಿ ಬರೀಬಹುದು. ಹೋದ ಕೈಯನ್ನ ಯಾವ ಖಾತೇಲಿ ಬರೀತೀರಾ?

ಈ ಭಾನುವಾರ ಊರಿಗೆ ಹೋದಾಗ ಟ್ರ್ಯಾಕ್ಟರ್ ನಿಂತಿರುವಾಗ ಹಿಂದೆ ಬಗ್ಗಿ ನೋಡಿ. ಗಾರ್ಡ್ ಇದ್ಯಾ ಇಲ್ವಾ, ಕಮೆಂಟಲ್ಲಿ ಹಾಕಿ.

#ನಮ್ಮೂರುಟ್ರ್ಯಾಕ್ಟರ್ #ದೊಡ್ಡಬಳ್ಳಾಪುರ #ಗಾರ್ಡ್‌ಎಲ್ಲಣ್ಣ